ಎಡಗಾಲಿಗೆ ರಜೆ

ಹೊಸದಾಗಿ ಡ್ರೈವರ್ ಲೈಸನ್ಸ್ ಪಡೆದ ತರುಣರು ಸಂಜೆಯ ಹೊತ್ತು ನನ್ನ ಮನೆಯ ಕಟ್ಟೆಗೆ ಬಂದು ಕೂಡುತ್ತಾರೆ. ಚಹಾ ಕುಡಿಯುತ್ತಾರೆ. "ಕಾಕಾ, ನೀವ ಎಷ್ಟ ಜೋರ ಓಡಿಸೀರಿ?" ಎಂದು ಕೇಳುತ್ತಾರೆ. ಎಷ್ಟು ಚೆನ್ನಾಗಿ ನಿಲ್ಲಿಸಿದಿರಿ ಎಂದು ಇದುವರೆಗೆ ಒಬ್ಬನೂ ಕೇಳಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ. ಬಾಯಿಮಾತಿನಲ್ಲಿ ಹೇಳಿದರೆ ಅರ್ಧ ಕೇಳಿ ಎದ್ದು ಹೋಗುತ್ತಾರೆ, ಆದ್ದರಿಂದ ಬರೆದಿಡುತ್ತಿದ್ದೇನೆ. ನಾನು ಮುಲ್ಕಿ ಪರೀಕ್ಷೆ ಪಾಸಾದವನು. ಆ ಕಾಲಕ್ಕೆ ಅಷ್ಟು ಓದಿದವರು ಕನ್ನಡ ಸಾಲಿಯ ಮಾಸ್ತರರಾಗುತ್ತಿದ್ದರು. ನಾನು ಪೆಟ್ರೋಲಿನ ವಾಸನೆಗೆ ಮರುಳಾಗಿ ಬೇರೆ ದಾರಿ ಹಿಡಿದೆ. ನಮ್ಮವ್ವ ಅದಕ್ಕಾಗಿ ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದಳು.

ಪಗಾರ ಎಷ್ಟು ಏರಿತು, ಯಾವ ಯಾವ ದೊಡ್ಡವರನ್ನು ಕೂಡಿಸಿಕೊಂಡು ಹೋದೆ ಎಂಬುದನ್ನೆಲ್ಲ ಬಿಡುತ್ತೇನೆ. ಅದನ್ನು ಓದಿ ಯಾರಿಗೂ ಗಾಡಿ ನಡೆಸಲು ಬರುವುದಿಲ್ಲ. ನಾನು ಹೇಳಹೊರಟಿರುವುದು ನನ್ನ ಎಡಗಾಲಿನ ವಿಷಯ. ನಕ್ಕರೆ ನಗಲಿ.

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಚನ್ನಬಸಪ್ಪ ಸಾಹುಕಾರರ ಮನೆ. ಹತ್ತಿಯ ವ್ಯಾಪಾರ. ಗಬ್ಬೂರಿನ ದಾರಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಅವರದೊಂದು ಜಿನ್ನಿಂಗ್ ಫ್ಯಾಕ್ಟರಿ ಇತ್ತು. ಅವರು ಮೊದಲ ಮೋಟಾರು ಕೊಂಡಾಗ ನಾನು ಇಪ್ಪತ್ತರ ಆಸುಪಾಸಿನವನು, ಗಾಡಿ ಒರೆಸುವ ಕೆಲಸಕ್ಕೆ ಸೇರಿದೆ. ಓಡಿಸುತ್ತಿದ್ದವರು ಹುಸೇನಸಾಬರು. ಅವರನ್ನು ನಾವೆಲ್ಲ ಉಸ್ತಾದರು ಎನ್ನುತ್ತಿದ್ದೆವು. ಬಾಯಿ ಬಹಳ ಕೆಟ್ಟದ್ದು, ಕೈ ಬಹಳ ಒಳ್ಳೆಯದು.

ಆ ಗಾಡಿಯನ್ನು ಇಂದಿನವರು ನೋಡಿದರೆ ಆಟಿಕೆ ಎಂದಾರು. ಗೇರಿನ ಕೋಲೇ ಇರಲಿಲ್ಲ. ಪೆಟ್ರೋಲು ಕೊಡುವುದು ಕೈಯಿಂದ, ಸ್ಟೇರಿಂಗಿನ ಕೆಳಗಿನ ಒಂದು ಕಡ್ಡಿಯಿಂದ. ಕಾಲಿಗೆ ಮೂರು ಪೆಡಲು. ಎಡಗಡೆಯದನ್ನು ಪೂರ್ತಿ ತುಳಿದರೆ ಗಾಡಿ ನಿಧಾನ ಹೋಗುತ್ತಿತ್ತು, ಪೂರ್ತಿ ಬಿಟ್ಟರೆ ಜೋರು ಹೋಗುತ್ತಿತ್ತು. ನಡುವಿನದು ಹಿಂದಕ್ಕೆ ಸರಿಯಲು. ಬಲಗಡೆಯದು ಬ್ರೇಕು. ಬೆಳಿಗ್ಗೆ ಮುಂದೆ ನಿಂತು ಹ್ಯಾಂಡಲ್ ತಿರುವಿ ಚಾಲೂ ಮಾಡಬೇಕು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಡಬೇಕು, ಸುತ್ತಿ ಹಿಡಿದರೆ ಎಂಜಿನ್ನು ತಿರುಗಿ ಒದ್ದು ಹೆಬ್ಬೆರಳನ್ನು ಮುರಿದುಬಿಡುತ್ತದೆ. ಉಸ್ತಾದರು ಇದನ್ನು ಹೇಳಿಕೊಡಲಿಲ್ಲ. ತಮ್ಮ ಸೊಟ್ಟ ಹೆಬ್ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು, ಅಷ್ಟೇ.

ನನಗೆ ಓಡಿಸಲು ಕಲಿಸಿದ ದಿನ ಅವರು ಮೊದಲು ಮಾಡಿದ್ದು ನನ್ನ ಎಡಗಾಲಿನ ಚಪ್ಪಲಿ ಬಿಚ್ಚಿಸಿದ್ದು.

"ಎಡಗಾಲು ಬರೇ ಇರಬೇಕ್ ಬೇಟಾ. ಗಾಡಿ ಏನ ಹೇಳ್ತೈತಿ ಅನ್ನೂದು ಅಂಗಾಲಿಗೆ ತಿಳೀಬೇಕು. ಚರ್ಮ ನಡುವ ಬಂದ್ರ ಮಾತು ಕೇಳ್ಸೂದಿಲ್ಲ," ಎಂದರು.

"ಬಲಗಾಲಿಂದೂ ಬಿಚ್ಚಲೇನ್ರಿ?"

"ಬಲಗಾಲು ದಡ್ಡ ಐತಿ, ಅದಕ್ಕ ಏನ ಹಾಕಿದ್ರೂ ನಡೀತೈತಿ."

ಅಂದಿನಿಂದ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಗಾಡಿ ನಡೆಸುವುದು ನನ್ನ ರೂಢಿಯಾಯಿತು. ಪೇಟೆಯಲ್ಲಿ ನನ್ನನ್ನು ಒಂಟಿ ಚಪ್ಪಲಿ ಯಲ್ಲಪ್ಪ ಎಂದೇ ಕರೆಯುತ್ತಿದ್ದರು. ನನಗೆ ಅದರಿಂದ ಬೇಸರವಾಗಲಿಲ್ಲ. ಒಳಗೊಳಗೆ ಹೆಮ್ಮೆಯೇ ಇತ್ತು.

ಕೆಲವು ವರ್ಷಗಳ ಮೇಲೆ ಉಸ್ತಾದರು ಕಣ್ಣು ಮಂಜಾಗಿ ಮನೆಯಲ್ಲಿ ಕೂತರು, ಗಾಡಿ ನನ್ನ ಕೈಗೆ ಬಂತು. ಅದೇ ಹೊತ್ತಿಗೆ ಸಾಹುಕಾರರು ಹಳೆಯದನ್ನು ಕೊಟ್ಟು ಗೇರಿನ ಕೋಲಿರುವ ಹೊಸ ಗಾಡಿ ತಂದರು. ಅದಕ್ಕೂ ಮೂರೇ ಪೆಡಲು. ಎಡಗಡೆಯದು ಕ್ಲಚ್ಚು, ನಡುವಿನದು ಬ್ರೇಕು. ಬಲಗಡೆಯದು ಪೆಟ್ರೋಲು. ಬುದ್ಧಿಗೆ ಇದು ಐದು ನಿಮಿಷದಲ್ಲಿ ತಿಳಿಯಿತು. ಆದರೆ ಕಾಲಿಗೆ ಹೇಳುವವರು ಯಾರು? ಬಲಗಡೆಯದೇ ಬ್ರೇಕು ಎಂದು ವರ್ಷಗಟ್ಟಲೆ ನಂಬಿದ್ದ ಕಾಲು ಅದು. ಮೂರನೆಯ ದಿನ ಹತ್ತಿಯ ಪೇಟೆಯ ಅಂಗಳದಲ್ಲಿ ಸಾಹುಕಾರರನ್ನು ಇಳಿಸಲು ನಿಲ್ಲಿಸಹೋದೆ. ಬಲಗಾಲನ್ನು ಒತ್ತಿದೆ. ಗಾಡಿ ನಿಲ್ಲುವ ಬದಲು ನೆಗೆಯಿತು. ಗಾಬರಿಯಾಗಿ ಇನ್ನೂ ಗಟ್ಟಿಯಾಗಿ ಒತ್ತಿದೆ. ಒಟ್ಟಿದ್ದ ಅಂಡಗಿಗಳ, ಅಂದರೆ ಹತ್ತಿಯ ದೊಡ್ಡ ಮೂಟೆಗಳ, ಮಧ್ಯೆ ನುಗ್ಗಿ, ಮೇಲಿನ ಒಂದು ಅಂಡಗಿ ಬಾನೆಟ್ಟಿನ ಮೇಲೆ ಉರುಳಿ ಬಿದ್ದ ಮೇಲೆ ಎಂಜಿನ್ನು ತಾನಾಗಿ ಬಂದಾಯಿತು. ಸುತ್ತ ನಿಂತಿದ್ದ ದಲಾಲರೆಲ್ಲ ಬಾಯಿ ತೆರೆದುಕೊಂಡು ನೋಡಿದರು.

ಸಾಹುಕಾರರು ನಿಧಾನವಾಗಿ ಇಳಿದು, ಧೋತರ ಝಾಡಿಸಿಕೊಂಡು, ಅಂಡಗಿಗಳನ್ನು ನೋಡಿದರು.

"ಇವು ಯಾರ ಮಾಲೋ ಯಲ್ಲಪ್ಪ?"

"ನಮ್ಮವ ಅದಾವ್ರಿ."

"ಛಲೋ ಆತು ಬಿಡು. ನಮ್ಮ ಮಾಲಿಗೆ ನಮ್ಮ ಗಾಡಿ ಗುದ್ದಿದ್ರ ಹೊರಗಿನವರಿಗೆ ಏನ ಹೇಳೂದು ಬ್ಯಾಡ."

ಇದನ್ನು ಓದುವ ತರುಣರಿಗೆ ಒಂದು ಮಾತು. ಹೊಸ ಗಾಡಿ ಹತ್ತಿದಾಗ ಬರದೆ ಇರುವುದರಿಂದ ತಪ್ಪಾಗುವುದು ಕಡಿಮೆ. ಹಳೆಯದು ಬಹಳ ಚೆನ್ನಾಗಿ ಬರುವುದರಿಂದಲೇ ತಪ್ಪಾಗುತ್ತದೆ. ನನಗೆ ಇದು ಆಗ ಅರ್ಧ ತಿಳಿಯಿತು. ಉಳಿದರ್ಧ ತಿಳಿಯಲು ಮತ್ತೆ ಸುಮಾರು ಇಪ್ಪತ್ತು ವರ್ಷ ಬೇಕಾಯಿತು.

ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಶನ್ ಬಂದು, ಗಾಡಿಯ ಹಿಂದೆ ಇದ್ದಿಲಿನ ಒಲೆಯಂಥ ಒಂದು ಡಬ್ಬಿ ಕೂಡಿಸಿದರು. ಇದ್ದಿಲು ಸುಟ್ಟ ಹೊಗೆಯ ಮೇಲೆ ಗಾಡಿ ಓಡಬೇಕು. ಮುಂಜಾನೆ ಒಂದು ತಾಸು ಒಲೆ ಊದುವುದೇ ನನ್ನ ಕೆಲಸವಾಗಿತ್ತು. ಹೆಂಡತಿ ಅಡಿಗೆಮನೆಯಲ್ಲಿ ಊದುತ್ತಿದ್ದಳು, ನಾನು ಬೀದಿಯಲ್ಲಿ ಊದುತ್ತಿದ್ದೆ. ಧಾರವಾಡಕ್ಕೆ ಹೋಗುವಾಗ ನವಲೂರಿನ ಏರು ಬಂತೆಂದರೆ ಎಲ್ಲರೂ ಇಳಿದು ನಡೆಯಬೇಕಿತ್ತು. ಗಾಡಿ ಏದುಸಿರು ಬಿಡುತ್ತಾ ಹತ್ತುತ್ತಿತ್ತು. ಎಲ್ಲರೂ ಇಳಿದರೂ ಒಬ್ಬರನ್ನು ಮಾತ್ರ ನಾನು ಇಳಿಸುತ್ತಿರಲಿಲ್ಲ. ಅವರು ಸಾಹುಕಾರರ ಮಗಳು, ನೀಲಕ್ಕ.

ನೀಲಕ್ಕನವರಿಗೆ ಮೂರು ವರ್ಷವಿದ್ದಾಗ ಜ್ವರ ಬಂದು ಎಡಗಾಲು ಸೊರಗಿಹೋಗಿತ್ತು. ದಪ್ಪ ಅಟ್ಟೆಯ ಬೂಟು ಹಾಕಿ, ಗೋಡೆಯನ್ನೋ ಕೋಲನ್ನೋ ಹಿಡಿದು ನಡೆಯುತ್ತಿದ್ದರು. ತಾಯಿಯಿಲ್ಲದ ಮಗಳು. ಓದಿನಲ್ಲಿ ಚುರುಕು, ಆಗ ಧಾರವಾಡದಲ್ಲಿ ಕಾಲೇಜು ಕಲಿಯುತ್ತಿದ್ದರು. ಒಂದು ದಿನ ನವಲೂರಿನ ಏರಿನಲ್ಲಿ ಉಳಿದವರು ಇಳಿದು ನಡೆಯುತ್ತಿದ್ದಾಗ ಹಿಂದಿನಿಂದ ಕೇಳಿದರು.

"ಯಲ್ಲಪ್ಪ ಕಾಕಾ, ನನಗ ಗಾಡಿ ಹೊಡೀಲಿಕ್ಕೆ ಕಲಸ್ತೀರೇನು?"

ನಾನು ತಿರುಗಿಯೂ ನೋಡದೆ, "ಕ್ಲಚ್ ತುಳೀಬೇಕಾದ್ರ ಎಡಗಾಲಾಗ ಕಸುವು ಬೇಕ್ರಿ ಅಕ್ಕಾರ. ಇದು ನಿಮಗ ಆಗೂ ಕೆಲಸ ಅಲ್ಲ, ಬಿಡ್ರಿ," ಎಂದೆ.

ಕನ್ನಡಿಯಲ್ಲಿ ನೋಡಿದಾಗ ಅವರು ತಮ್ಮ ಬೂಟನ್ನೇ ನೋಡುತ್ತಾ ಕೂತಿದ್ದರು. ಹೇಳಿದ್ದು ಖರೆಯೇ. ಆದರೂ ಆ ಮಾತನ್ನು ಹಾಗೆ ಹೇಳಬಾರದಿತ್ತು. ನನ್ನ ನೌಕರಿಯಲ್ಲಿ ಅಂಡಗಿಗೆ ಗುದ್ದಿದ್ದಕ್ಕಿಂತ ದೊಡ್ಡ ತಪ್ಪು ಅದು ಎಂದು ನಾನು ಈಗ ತಿಳಿದಿದ್ದೇನೆ.

ಸ್ವಾತಂತ್ರ್ಯ ಬಂದ ಮರುವರ್ಷ ದಸರೆಯ ಹೊತ್ತಿಗೆ ಸಾಹುಕಾರರು ಮುಂಬಯಿಯಿಂದ ಒಂದು ಅಮೇರಿಕದ ಗಾಡಿ ತರಿಸಿದರು. ಕಡುಹಸಿರು ಬಣ್ಣ, ಮದುವೆಯ ಮಂಟಪದಷ್ಟು ದೊಡ್ಡದು. ಅದನ್ನು ತಂದ ಮುಂಬಯಿಯ ಡ್ರೈವರನು ಬಾಗಿಲು ತೆರೆದು ನನಗೆ ಒಳಗೆ ತೋರಿಸಿದ. ನಾನು ಬಗ್ಗಿ ನೋಡಿದೆ. ಎರಡೇ ಪೆಡಲು. ಒಂದು ಪೆಟ್ರೋಲಿಗೆ, ಒಂದು ಬ್ರೇಕಿಗೆ. ಬ್ರೇಕಿನ ಪೆಡಲು ಅಂಗೈಯಗಲ. ಕ್ಲಚ್ಚು ಎಲ್ಲಿ ಎಂದು ಸೀಟಿನ ಕೆಳಗೂ ಹುಡುಕಿದೆ.

ಗಾಡಿಯೇ ತನಗೆ ಬೇಕಾದಂತೆ ಗೇರು ಬದಲಿಸಿಕೊಳ್ಳುತ್ತದೆ, ಸ್ಟೇರಿಂಗಿನ ಕೆಳಗಿನ ಕಡ್ಡಿಯನ್ನು ಒಮ್ಮೆ ಸರಿಸಿದರೆ ಸಾಕು ಎಂದು ಅವನು ವಿವರಿಸಿದ. ಕೊನೆಗೆ ನಗುತ್ತಾ, ಇದನ್ನು ಓಡಿಸಲು ಡ್ರೈವರ್ ಬೇಕಾಗಿಲ್ಲ, ಯಾರು ಬೇಕಾದರೂ ಓಡಿಸಬಹುದು ಎಂದ. ಆ ನಗು ನನಗೆ ಚುಚ್ಚಿತು. ಇಪ್ಪತ್ತೈದು ವರ್ಷಕ್ಕೂ ಮೇಲೆ ಅಂಗಾಲಿನಿಂದ ಗಾಡಿಯ ಮಾತು ಕೇಳಿದವನು ನಾನು. ಈ ಗಾಡಿಗೆ ನನ್ನೊಡನೆ ಆಡಲು ಮಾತೇ ಇರಲಿಲ್ಲ.

ಅವನು ಎರಡು ದಿನ ನನ್ನ ಪಕ್ಕ ಕೂತು ಹೋದ. ಮೂರನೆಯ ದಿನ ನಾನೊಬ್ಬನೇ ಸಾಹುಕಾರರನ್ನು ಕರೆದುಕೊಂಡು ದುರ್ಗದಬೈಲಿಗೆ ಹೋದೆ. ಸಂತೆಯ ಗದ್ದಲ, ನಿಧಾನವಾಗಿಯೇ ಹೋಗುತ್ತಿದ್ದೆ. ಎಂಜಿನ್ನಿನ ಸದ್ದು ಸ್ವಲ್ಪ ಏರಿತು. ಸದ್ದು ಏರಿದರೆ ಗೇರು ಬದಲಿಸಬೇಕು, ಗೇರು ಬದಲಿಸಬೇಕಾದರೆ ಕ್ಲಚ್ಚು ತುಳಿಯಬೇಕು. ನನ್ನ ಎಡಗಾಲು ನನ್ನನ್ನು ಕೇಳದೆ ಎದ್ದು, ಇದ್ದಬದ್ದ ಕಸುವಿನಿಂದ ಆ ಅಗಲವಾದ ಬ್ರೇಕನ್ನು ತುಳಿದುಬಿಟ್ಟಿತು.

ಗಾಡಿ ಗೂಟಕ್ಕೆ ಕಟ್ಟಿದಂತೆ ನಿಂತಿತು. ಸಾಹುಕಾರರು ಮುಂದಿನ ಸೀಟಿಗೆ ಬಂದು ಅಪ್ಪಳಿಸಿದರು. ಅವರ ರುಮಾಲು ತಲೆಯಿಂದ ಹಾರಿ, ತೆರೆದ ಕಿಡಕಿಯಿಂದ ಹೊರಬಿದ್ದು, ಪೇರಲ ಹಣ್ಣು ಮಾರುವ ಮುದುಕಿಯ ಬುಟ್ಟಿಯಲ್ಲಿ ಕೂತಿತು. ಮುದುಕಿ ರುಮಾಲನ್ನು ಎತ್ತಿ, ಹಿಂದೆ ಮುಂದೆ ನೋಡಿ, "ಇದನ್ನೂ ತೂಕಕ್ಕ ಹಾಕ್ಲೇನ್ರಿ ಸಾವ್ಕಾರ್ರ?" ಎಂದಳು. ಬೈಲಿಗೆ ಬೈಲೇ ನಕ್ಕಿತು.

ಅಂದು ಮಾತ್ರ ಸಾಹುಕಾರರು ನಗಲಿಲ್ಲ. ಊರಿನ ನಡುವೆ ಬರಿದಲೆಯಲ್ಲಿ ಕೂತಿದ್ದರು ಅವರು. ಮನೆಗೆ ಬಂದ ಮೇಲೆ ನನ್ನನ್ನು ಪಡಸಾಲೆಗೆ ಕರೆದರು.

"ಯಲ್ಲಪ್ಪ, ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ನಂದೂ ವಯಸ್ಸಾತು, ಹಲ್ಲು ಮುರಕೊಳ್ಳೂ ಹಂಗಿಲ್ಲ. ದೀಪಾವಳಿ ಪಾಡ್ಯಾದ ತನಕ ನೋಡ್ತೀನಿ. ಅಷ್ಟರಾಗ ಈ ಗಾಡಿ ನಿನ್ನ ಕೈಗೆ ಹೊಂದಲಿಲ್ಲ ಅಂದ್ರ ಮುಂಬೈದಿಂದ ಒಬ್ಬನ್ನ ಕರಸ್ತೀನಿ. ನೀ ಫ್ಯಾಕ್ಟರಿ ಲಾರಿ ನಡಸು."

ಪಾಡ್ಯಕ್ಕೆ ಮೂರು ವಾರವಿತ್ತು. ಲಾರಿ ಎಂದರೆ ಕೀಳು ಕೆಲಸವೆಂದು ನಾನು ಹೇಳುವುದಿಲ್ಲ. ಆದರೆ ಐವತ್ತು ದಾಟಿದ ಮೇಲೆ, ಜೀವಮಾನವೆಲ್ಲ ಕೂತ ಜಾಗದಿಂದ ಎಬ್ಬಿಸಿಕೊಳ್ಳುವುದು ಎಂಥದ್ದೆಂದು ಕೂತವನಿಗೇ ಗೊತ್ತು. ಮನೆಗೆ ಹೋಗಿ ಹೆಂಡತಿಗೂ ಹೇಳಲಿಲ್ಲ.

ಮರುದಿನದಿಂದ ಬೆಳಗಾಗುತ್ತಲೇ ಗಬ್ಬೂರಿನ ಕಡೆ ಫ್ಯಾಕ್ಟರಿಯ ಬಯಲಿಗೆ ಗಾಡಿ ಒಯ್ದು ರೂಢಿ ಮಾಡತೊಡಗಿದೆ. ಎಡಗಾಲಿಗೂ ಚಪ್ಪಲಿ ಹಾಕಿ ನೋಡಿದೆ. ಚಪ್ಪಲಿ ಹಾಕಿದ ಕಾಲು ಇನ್ನೂ ಜೋರಾಗಿ ತುಳಿಯಿತು. ಹಳೆಯ ಪಂಚೆ ಹರಿದು ಕಾಲನ್ನು ಸೀಟಿನ ಕಬ್ಬಿಣಕ್ಕೆ ಕಟ್ಟಿದೆ. ಫ್ಯಾಕ್ಟರಿಯ ಹಮಾಲರು ಕಿಡಕಿಯಲ್ಲಿ ಇಣುಕಿ, "ಯಲ್ಲಪ್ಪಣ್ಣ, ಕಾಲು ಓಡಿ ಹೋಗ್ತೈತೇನು?" ಎಂದರು. ಬಿಚ್ಚಿ ಒಗೆದೆ. ಚಕ್ಕಡಿ ಹೊಡೆಯುವವರ ಹಾಗೆ ಕಾಲನ್ನು ಮಡಚಿ ಅದರ ಮೇಲೆ ಕೂತೆ. ಇದು ಒಳ್ಳೆಯ ಉಪಾಯವೆನಿಸಿತು. ಅಂದು ಸಾಹುಕಾರರನ್ನು ಮನೆಯಿಂದ ಪೇಟೆಗೆ ಒಂದು ಜರ್ಕೂ ಇಲ್ಲದೆ ಒಯ್ದೆ. ಖುಷಿಯಿಂದ ಇಳಿದು ಅವರ ಬಾಗಿಲು ತೆರೆಯಹೋದೆ. ಕಾಲಿಗೆ ಜೋಮು ಹಿಡಿದಿತ್ತು. ಅವರ ಪಾದದ ಹತ್ತಿರ ಸಾಷ್ಟಾಂಗ ಬಿದ್ದೆ.

"ಪಾಡ್ಯಾ ಇನ್ನೂ ದೂರ ಐತಿ, ಈಗ ಯಾಕ ನಮಸ್ಕಾರ?" ಎಂದರು ಸಾಹುಕಾರರು.

ನೀಲಕ್ಕನವರು ಆ ಹೊತ್ತಿಗೆ ಬಿ.ಎ. ಮುಗಿಸಿ ಧಾರವಾಡದ ಒಂದು ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತಿದ್ದರು. ಗಾಡಿ ದಿನವೂ ಸಾಹುಕಾರರ ವ್ಯಾಪಾರಕ್ಕೆ ಬೇಕಾಗುತ್ತಿದ್ದುದರಿಂದ ರೈಲಿನಲ್ಲಿ ಓಡಾಡುತ್ತಿದ್ದರು. ರೈಲಿನ ಮೆಟ್ಟಿಲು ಹತ್ತಿ ಇಳಿಯುವುದೇ ಅವರಿಗೆ ಒಂದು ಕಷ್ಟ. ದೀಪಾವಳಿಯ ರಜೆ ಬೇಗ ಬಂದಿತ್ತು. ಒಂದು ಬೆಳಿಗ್ಗೆ ನಾನು ಬಯಲಿಗೆ ಹೊರಟಾಗ ಕೋಲೂರಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ಬಯಲಿನಲ್ಲಿ ಅರ್ಧ ತಾಸು ಸುಮ್ಮನೆ ನನ್ನ ಕಾಲನ್ನೇ ನೋಡಿದರು. ನಾಲ್ಕು ಸಲ ತುಳಿದೆ, ನಾಲ್ಕು ಸಲವೂ ಇಬ್ಬರೂ ಮುಂದಕ್ಕೆ ಮುಗ್ಗರಿಸಿದೆವು.

"ಕಾಕಾ, ನೀವು ಇಳೀರಿ. ನಾ ಕೂತು ತೋರಸ್ತೀನಿ," ಎಂದರು.

"ನಿಮಗ ಎಲ್ಲಿ ಬರ್ತೈತ್ರಿ ಅಕ್ಕಾರ!"

"ನನಗ ಗಾಡಿ ಬರೂದಿಲ್ಲ. ಆದ್ರ ಎಡಗಾಲು ಸುಮ್ಮನ ಇಡೂದು ನನ್ನಷ್ಟು ಛಲೋ ಈ ಹುಬ್ಬಳ್ಳ್ಯಾಗ ಯಾರಿಗೂ ಬರೂದಿಲ್ಲ."

ನಾನು ಇಳಿದೆ. ಅವರು ಸ್ಟೇರಿಂಗಿನ ಮುಂದೆ ಕೂತು, ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಪೆಡಲುಗಳಿಂದ ದೂರ, ಎಡಕ್ಕೆ ಇಟ್ಟರು. ಹಿಮ್ಮಡಿಯನ್ನು ನೆಲಕ್ಕೆ ಊರಿ, ಬೂಟಿನ ಮೂತಿಯನ್ನು ಅತ್ತ ತಿರುಗಿಸಿದರು. ಅದನ್ನೊಮ್ಮೆ ಕೈಯಿಂದ ತಟ್ಟಿದರು.

"ನೀವು ನಿಮ್ಮ ಕಾಲಿಗೆ ಬೈತೀರಿ, ಕಟ್ಟತೀರಿ, ಮಡಚತೀರಿ. ಪಾಪ, ಅದು ಕೆಲಸ ಮಾಡಿದ ಕಾಲು. ಕೆಲಸ ಹೋತು ಅಂತ ಅದಕ್ಕ ಯಾರೂ ಹೇಳೇ ಇಲ್ಲ. ನಾ ನನ್ನ ಕಾಲಿಗೆ ಇಪ್ಪತ್ತು ವರ್ಷದಿಂದ ದಿನಾ ಹೇಳಿಕೋತ ಬಂದೇನಿ. ನೀ ಏನೂ ಮಾಡಬ್ಯಾಡವಾ, ನಿನಗ ರಜಾ. ಆದ್ರ ಸಂಗಾಟ ಬಾ ಅಂತ. ನೀವೂ ಹಂಗ ಹೇಳ್ರಿ."

ಬಯಲಿನಲ್ಲಿ ನಿಂತಿದ್ದ ನನಗೆ ಕಣ್ಣಲ್ಲಿ ನೀರು ಬಂತು. ಧೂಳು ಬಿತ್ತೆಂದು ನಟಿಸಿ ಒರೆಸಿಕೊಂಡೆ. ಏರಿನಲ್ಲಿ ನಾನಾಡಿದ ಮಾತು ಅವರಿಗೆ ನೆನಪಿತ್ತೋ ಇಲ್ಲವೋ, ನನಗಂತೂ ಅದೊಂದೇ ನೆನಪಾಯಿತು. ಹೊಸ ಗಾಡಿಯಲ್ಲಿ ಕ್ಲಚ್ಚಿಲ್ಲ ಎಂದಾಗ ನಾನು ನನ್ನ ಜಾಗ ಹೋಯಿತೆಂದುಕೊಂಡೆ. ಇವರಿಗೆ ಒಂದು ಜಾಗ ಆಯಿತೆಂದು ನನಗೆ ಹೊಳೆದೇ ಇರಲಿಲ್ಲ.

"ಹಂಗಾರ ಒಂದ ಕರಾರು ಮಾಡೂಣ್ರಿ," ಎಂದರು ನೀಲಕ್ಕ, ಸಾಲಿಯ ಧಾಟಿಯಲ್ಲಿ. "ನಾ ನಿಮಗ ಕಾಲು ಸುಮ್ಮನ ಇಡೂದು ಕಲಸ್ತೀನಿ. ನೀವು ನನಗ ರಸ್ತಾ ಕಲಸ್ರಿ."

ಅವರು ಹೇಳಿದಂತೆ ಮಾಡಿದೆ. ಪ್ರತಿ ಸಲ ಕೂತ ಕೂಡಲೇ ಎಡಗಾಲನ್ನು ಕೈಯಿಂದ ಎತ್ತಿ ದೂರ ಇಟ್ಟು, ತಟ್ಟಿ, ನಿನಗೆ ರಜೆ ಎಂದು ಬಾಯಿಬಿಟ್ಟು ಹೇಳುತ್ತಿದ್ದೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ನಾಲ್ಕನೆಯ ದಿನಕ್ಕೆ ಒಂದೇ ಸಲ ತುಳಿದೆ. ಎಂಟನೆಯ ದಿನಕ್ಕೆ ಕಾಲು ಎದ್ದರೂ ಅರ್ಧಕ್ಕೆ ನಿಂತು ತಾನೇ ವಾಪಸು ಹೋಯಿತು. ಅದನ್ನು ನೋಡಿ ಇಬ್ಬರೂ ಚಪ್ಪಾಳೆ ತಟ್ಟಿದೆವು.

ಅವರಿಗೆ ಗಾಡಿ ಕಲಿಯಲು ಐದು ದಿನವೂ ಬೇಕಾಗಲಿಲ್ಲ. ಮರೆಯುವುದೇನೂ ಇರಲಿಲ್ಲವಲ್ಲ. ಆದರೆ ರಸ್ತೆ ಕಲಿಯಲು ಬಹಳ ದಿನ ಬೇಕು. ಗೋಪನಕೊಪ್ಪದ ದಾರಿಯಲ್ಲಿ ಪಕ್ಕ ಕೂತು ಅವರಿಂದ ಗಾಡಿ ಓಡಿಸಿದೆ. ಕೋಳಿ ಅರ್ಧ ದಾಟಿದರೂ ತಿರುಗಿ ಬರುತ್ತದೆ, ನಾಯಿ ದಾಟಿದರೆ ದಾಟಿತು. ಟಾಂಗಾದ ಕುದುರೆಯ ಕಿವಿ ನೋಡಬೇಕು, ಟಾಂಗಾದವನ ಮುಖವನ್ನಲ್ಲ. ನೀರಿನ ಕೊಡ ಹೊತ್ತ ಹೆಣ್ಣುಮಗಳು ಹಾರ್ನು ಕೇಳಿದರೂ ತಲೆ ತಿರುಗಿಸಲಾರಳು, ಆದ್ದರಿಂದ ಅವಳಿಗೆ ಹಾರ್ನು ಹೊಡೆಯಬಾರದು. ಹೇಳುತ್ತಾ ಹೋದಂತೆ ನನಗೇ ಆಶ್ಚರ್ಯವಾಯಿತು. ಇಷ್ಟೆಲ್ಲ ನನಗೆ ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. ಇದರಲ್ಲಿ ಒಂದನ್ನೂ ಆ ಗಾಡಿ ತಾನಾಗಿ ಮಾಡಿಕೊಳ್ಳುತ್ತಿರಲಿಲ್ಲ. ಮುಂಬಯಿಯವನ ಮಾತು ಅಂದಿನಿಂದ ಚುಚ್ಚುವುದನ್ನು ಬಿಟ್ಟಿತು.

ಪಾಡ್ಯದ ದಿನ ಅಂಗಡಿಯ ಪೂಜೆಗೆ ಹೊರಟಾಗ ಸಾಹುಕಾರರು ರುಮಾಲನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತರು. "ದುರ್ಗದಬೈಲ ಮ್ಯಾಲಿಂದ ನಡಿ," ಎಂದರು. ಹಬ್ಬದ ಜಾತ್ರೆಯೇ ಅಲ್ಲಿತ್ತು. ಹೂವಿನವರು, ಕಬ್ಬಿನ ಗಾಡಿಗಳು, ಎತ್ತುಗಳಿಗೆ ಬಣ್ಣ ಹಚ್ಚಿಕೊಂಡು ಬಂದವರು. ನಿಲ್ಲಿಸಿದೆ, ಬಿಟ್ಟೆ, ನಿಲ್ಲಿಸಿದೆ, ಬಿಟ್ಟೆ. ಅರ್ಧ ಬೈಲು ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಸಾಹುಕಾರರು ರುಮಾಲನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದರು. ಅಷ್ಟು ಸಂತೋಷ ನನಗೆ ಮತ್ತೆ ಯಾವ ಹಬ್ಬದಲ್ಲೂ ಆಗಿಲ್ಲ.

ಇಲ್ಲಿಗೆ ಮುಗಿಸಿದರೆ ನನಗೆ ಅನುಕೂಲ. ಆದರೆ ಅದು ಪೂರ್ತಿ ಖರೆಯಾಗುವುದಿಲ್ಲ. ಮರುವಾರವೇ ನೀಲಕ್ಕನವರು ತಂದೆಯ ಮುಂದೆ ನಿಂತು, ತಮಗೂ ಲೈಸನ್ಸ್ ಬೇಕೆಂದು, ಸಾಲಿಗೆ ತಾವೇ ಗಾಡಿ ಓಡಿಸಿಕೊಂಡು ಹೋಗುವುದಾಗಿ ಹೇಳಿದರು. ಸಾಹುಕಾರರು ಅವರನ್ನು ಒಳಗೆ ಕಳಿಸಿ ನನ್ನನ್ನು ಕರೆದರು.

"ಯಲ್ಲಪ್ಪ, ಖರೇ ಹೇಳು. ಆಕಿ ಕೈಯಾಗ ಗಾಡಿ ಕೊಡಬಹುದೇನು?"

ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದುವರಿದರು.

"ವಿಚಾರ ಮಾಡಿ ಹೇಳು. ಆಕಿ ದಿನಾ ಧಾರವಾಡಕ್ಕ ಗಾಡಿ ಒಯ್ದ್ರ ಅದು ಬರೂದು ಸಂಜೀಕ. ನಾ ಪೇಟಿಗೆ ಟಾಂಗಾದಾಗ ಹೋದೇನು. ನಿನಗ ನಡಸಾಕ ಗಾಡಿ ಎಲ್ಲೈತಿ?"

ಅವರು ಹೆದರಿಸಲು ಹೇಳಿದ್ದಲ್ಲ, ನನ್ನ ಹಿತಕ್ಕೆ ಹೇಳಿದ್ದು. ಇನ್ನೂ ಸ್ವಲ್ಪ ದಿನ ಕಲಿಯಲಿ ಬಿಡ್ರಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಆ ಸ್ವಲ್ಪ ದಿನವನ್ನು ನಾನು ವರ್ಷವಾಗಿಯೂ ಎಳೆಯಬಹುದಿತ್ತು. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಮೂರು ವಾರ ಒದ್ದಾಡಿ ಉಳಿಸಿಕೊಂಡ ಜಾಗವನ್ನು ಒಂದು ಮಾತಿನಲ್ಲಿ ಯಾರು ಕೊಡುತ್ತಾರೆ? ಪಡಸಾಲೆಯ ಒಳಗಿನ ಬಾಗಿಲ ಹಿಂದೆ ಕೋಲು ನೆಲಕ್ಕೆ ತಾಗಿದ ಸದ್ದು ಕೇಳಿಸಿತು. ನೀಲಕ್ಕ ಅಲ್ಲೇ ನಿಂತಿದ್ದರು. ಒಮ್ಮೆ ಅವರಿಗೆ ಇಲ್ಲ ಎಂದವನು ನಾನು, ಎರಡನೆಯ ಸಲ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

"ಕೊಡಬಹುದ್ರಿ," ಎಂದೆ. "ನನಗಿಂತ ಛಲೋ ನಿಲ್ಲಸ್ತಾರ್ರಿ."

ಸಾಹುಕಾರರು ಒಳಬಾಗಿಲ ಕಡೆ ಒಮ್ಮೆ ನೋಡಿದರು. "ಸ್ವಾಮಾರ ಬೆಳಿಗ್ಗೆ ಧಾರವಾಡದಾಗ ಪೊಲೀಸ್ ಸಾಹೇಬರ ಮುಂದ ಪರೀಕ್ಷಾಕ್ಕ ಹೋಗೂಣು. ಅಲ್ಲೀತನಕ ಆಕೀನ ಓಡಿಸಲಿ. ಅದು ನನ್ನ ಪರೀಕ್ಷಾ. ನಾ ಮುಂದ ಕೂಡ್ತೀನಿ. ನೀ ಹಿಂದ ಕೂಡು, ಒಂದ ಮಾತೂ ಆಡಬ್ಯಾಡ," ಎಂದರು.

ನನ್ನ ಕೆಲಸ ಹೋಯಿತೇ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಹೋಗಲಿಲ್ಲ. ಫ್ಯಾಕ್ಟರಿಯ ಲಾರಿಗಳ ಡ್ರೈವರುಗಳಿಗೆಲ್ಲ ರಸ್ತೆ ಕಲಿಸುವ ಕೆಲಸ ನನಗೆ ಬಂತು. ಮುಲ್ಕಿ ಪಾಸಾದವನು ಕೊನೆಗೂ ಮಾಸ್ತರನಾದೆ. ಆದರೆ ಆ ಸೋಮವಾರ ಬೆಳಿಗ್ಗೆ ಇದೊಂದೂ ನನಗೆ ತಿಳಿದಿರಲಿಲ್ಲ. ಜೀವನದಲ್ಲಿ ಮೊದಲ ಸಲ ಹಿಂದಿನ ಸೀಟಿನಲ್ಲಿ ಕೂತೆ. ಅದು ಅಷ್ಟು ಮೆತ್ತಗಿರುತ್ತದೆಂದು ಕೂಡ ನನಗೆ ಗೊತ್ತಿರಲಿಲ್ಲ.

ಡ್ರೈವರಾದವನು ಇನ್ನೊಬ್ಬರು ನಡೆಸುವ ಗಾಡಿಯಲ್ಲಿ ಕೂತರೆ ಅವನಿಗೆ ನೆಮ್ಮದಿಯಿಲ್ಲ. ಕಣ್ಣು ಮುಚ್ಚಲಾರ. ಊರು ದಾಟುವವರೆಗೆ ನಾನೂ ಹಾಗೇ ಇದ್ದೆ. ಎದುರಿಗೆ ಏನು ಬಂದರೂ ನನ್ನ ಎರಡೂ ಕಾಲು ನೆಲವನ್ನು ಒತ್ತುತ್ತಿದ್ದವು. ಸಾಹುಕಾರರು ಮುಂದೆ ಬಾಗಿಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು.

ಉಣಕಲ್ಲಿನ ಕೆರೆಯ ಹತ್ತಿರ ಮೇವು ಹೇರಿದ ಒಂದು ಚಕ್ಕಡಿ ರಸ್ತೆಯ ನಡುವೆ ಹೋಗುತ್ತಿತ್ತು. ಹೊಡೆಯುವವನು ಮೇವಿನ ಮೇಲೆ ತೂಕಡಿಸುತ್ತಿದ್ದ. ಹಾರ್ನು ಹೊಡೆದರೆ ಎತ್ತುಗಳು ಬೆದರುತ್ತವೆ, ಎತ್ತು ಬೆದರಿದರೆ ಮನುಷ್ಯ ಕೆಳಗೆ ಬೀಳುತ್ತಾನೆ. ಇದನ್ನು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ, ಮರೆತುಬಿಟ್ಟಿದ್ದೆ. ಬಾಯಿ ತೆರೆಯುವಂತಿರಲಿಲ್ಲ.

ನೀಲಕ್ಕ ಹಾರ್ನು ಹೊಡೆಯಲಿಲ್ಲ. ಗಾಡಿಯನ್ನು ನಿಧಾನ ಮಾಡಿ, ಎತ್ತುಗಳ ನಡಿಗೆಯಷ್ಟೇ ನಡೆಸುತ್ತಾ ಚಕ್ಕಡಿಯ ಹಿಂದೆ ಬಂದರು. ಅಗಲವಾದ ಜಾಗ ಬರುವವರೆಗೂ ಕಾದರು. ಆಮೇಲೆ ಪಕ್ಕದಿಂದ ಸದ್ದಿಲ್ಲದೆ ದಾಟಿದ್ದಾಯಿತು. ತೂಕಡಿಸುತ್ತಿದ್ದವನಿಗೆ ಎಚ್ಚರವೂ ಆಗಲಿಲ್ಲ.

ನಾನು ಹಿಂದಕ್ಕೆ ಒರಗಿದೆ. ಕಾಲುಗಳೆರಡೂ ತಾವಾಗಿ ಸಡಿಲವಾದವು. ಆಚೆ ಹೊಲಗಳಲ್ಲಿ ಜೋಳ ತೆನೆಗಟ್ಟುತ್ತಿತ್ತು. ಈ ದಾರಿಯಲ್ಲಿ ಸಾವಿರ ಸಲ ಹೋಗಿದ್ದರೂ ಅತ್ತ ತಿರುಗಿ ನೋಡಿದ್ದೇ ಇರಲಿಲ್ಲ. ನೋಡುತ್ತಾ ಇದ್ದೆ. ನವಲೂರಿನ ಏರು ಬಂದದ್ದು ನನಗೆ ನೆನಪಿಲ್ಲ.

ಗಾಡಿ ಯಾವಾಗಲೋ ನಿಂತಿತ್ತು. ಎಷ್ಟು ಮೆಲ್ಲಗೆ ನಿಂತಿತ್ತೆಂದರೆ ನನಗೆ ಎಚ್ಚರವಾದದ್ದು ಮಾತಿನಿಂದ. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಹೇಳ್ರಿ ಅಪ್ಪಾರ, ಪರೀಕ್ಷಾ ಪಾಸೋ ನಪಾಸೋ?" ಎಂದು ನೀಲಕ್ಕ ಕೇಳುತ್ತಿದ್ದರು.

"ನನ್ನ ಯಾಕ ಕೇಳ್ತಿ?" ಎಂದರು ಸಾಹುಕಾರರು. "ಹಿಂದ ನೋಡು. ಯಲ್ಲಪ್ಪ ಮಲಕೊಂಡಾನ."